ಮೂರು ಪಾಲಾದ ಕಾಯಿಲೆ

ಕೊರೊನಾ ನಿರ್ಬಂಧಗಳು ತೆರವಾದ ಮರುವರ್ಷ. ನಾನಾಗ ಸಿಂಗಪುರದ ಒಂದು ಸಣ್ಣ ಸಂಸ್ಥೆಯಲ್ಲಿ ಡೇಟಾ ಮ್ಯಾನೇಜರ್. ಹೊರದೇಶಗಳಲ್ಲಿ ನಡೆದ ಆರೋಗ್ಯ ಸಮೀಕ್ಷೆಗಳ ಉತ್ತರಗಳನ್ನು ತರಿಸಿಕೊಂಡು, ಸೋಸಿ, ವಿಂಗಡಿಸಿ, ಕೋಷ್ಟಕಗಳಾಗಿ ಮಾಡಿಕೊಡುವುದು ನಮ್ಮ ಸಂಸ್ಥೆಯ ಕಸುಬು. ಯಾರಾದರೂ ನನ್ನ ಉದ್ಯೋಗವೇನೆಂದು ಕೇಳಿದರೆ ಅಕ್ಕಿ ಆರಿಸುವ ಕೆಲಸ ಎನ್ನುತ್ತಿದ್ದೆ. ಕಲ್ಲು ಯಾವುದು, ಕಾಳು ಯಾವುದು ಎಂದು ಗೊತ್ತಿದ್ದರೆ ಸಾಕು. ಹದಿನಾರು ವರ್ಷ ಅದನ್ನೇ ಮಾಡಿದ್ದರಿಂದ ನನಗೆ ಅದು ಚೆನ್ನಾಗಿ ಗೊತ್ತಿದೆ ಎಂಬ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಆ ಜಂಬ ಇಳಿದ ಕಥೆ ಇದು. ಇಳಿದದ್ದು ನನ್ನ ಜಂಬ, ದಂಡ ತೆತ್ತವರು ಮಾತ್ರ ಬೇರೆಯವರು.

ಆ ವರ್ಷ ಆಫ್ರಿಕಾದ ಮಲಾವಿಯಿಂದ ಒಂದು ತಂಬಾಕು ಸಮೀಕ್ಷೆ ನಮ್ಮ ಕೈಗೆ ಬಂತು. ಮಲಾವಿ ಚಿಕ್ಕ ದೇಶ, ಸುತ್ತ ಸಮುದ್ರವಿಲ್ಲ. ಹೊರಗೆ ಮಾರಿ ವಿದೇಶಿ ಹಣ ತರುವ ಬೆಳೆಗಳಲ್ಲಿ ಅಲ್ಲಿ ತಂಬಾಕೇ ಮುಂದು. ಸಮೀಕ್ಷೆಯಲ್ಲಿ ಒಟ್ಟು ನಲವತ್ತೆರಡು ಪ್ರಶ್ನೆಗಳಿದ್ದವು. ಯಾರು ಸಿಗರೇಟು ಸೇದುತ್ತಾರೆ, ಯಾರು ನಶ್ಯ ಏರಿಸುತ್ತಾರೆ, ಮನೆಯೊಳಗೆ ಮಕ್ಕಳ ಮುಂದೆ ಹೊಗೆ ಬಿಡುತ್ತಾರೆಯೇ, ಇಂಥವೇ ಹೆಚ್ಚು. ಕೊನೆಯ ಭಾಗ ಮಾತ್ರ ತಂಬಾಕಿನ ಸೊಪ್ಪು ಬೆಳೆಯುವ, ಸೊಪ್ಪಿನ ಕೂಲಿಗೆ ಹೋಗುವ ಮನೆಗಳಿಗೆ. ನಮ್ಮ ನಿರ್ದೇಶಕಿ ಲಿಮ್ ಮೀಟಿಂಗಿನಲ್ಲಿ ತಂಬಾಕಿನ ಗಿಡವನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ ಎಂದು ನಗುತ್ತಾ ಕೇಳಿದರು. ಸಿಗರೇಟು ಸೇದಲು ಹಳದಿ ಗೆರೆ ಎಳೆದು ಜಾಗ ತೋರಿಸುವ ಊರು ಇದು, ಗಿಡ ಯಾರು ನೋಡಿರುತ್ತಾರೆ? ನಾನೊಬ್ಬಳೇ ಕೈ ಎತ್ತಿದೆ.

ನೋಡುವುದಿರಲಿ, ನಾನು ಬೆಳೆದದ್ದೇ ಅದರ ಮಧ್ಯೆ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ ನಮ್ಮದು. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮುಂಚೆ ಹೊಲಕ್ಕೆ ಹೋಗಿ ಹೊಗೆಸೊಪ್ಪು ಮುರಿಯಬೇಕು. ಮುರಿದ ಎಲೆಗಳನ್ನು ಹೆಂಗಸರು ಕಡ್ಡಿಗೆ ಕಟ್ಟುತ್ತಾರೆ, ಕಡ್ಡಿಗಳನ್ನು ಬ್ಯಾರನ್ನಿಗೆ ಏರಿಸುತ್ತಾರೆ. ಬ್ಯಾರನ್ ಎಂದರೆ ಸೌದೆ ಉರಿಸಿ, ಬಿಸಿಗಾಳಿಯಲ್ಲಿ ಎಲೆಯನ್ನು ಹದಮಾಡುವ ಎತ್ತರದ ಕೋಣೆ. ಆ ಸೊಪ್ಪಿನ ದುಡ್ಡಿನಲ್ಲೇ ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದಿದ್ದು. ಇದನ್ನೆಲ್ಲ ಲಿಮ್ ಅವರಿಗೆ ವಿವರಿಸಿದಾಗ ಅವರು ಖುಷಿಯಾಗಿ ಇಡೀ ಪ್ರಾಜೆಕ್ಟನ್ನು ನನ್ನ ಮಡಿಲಿಗೆ ಹಾಕಿದರು.

ಮಲಾವಿಯಲ್ಲಿ ಸಮೀಕ್ಷೆಯ ಉಸ್ತುವಾರಿ ವಹಿಸಿದ್ದವರು ಚಿಕೊಂಡಿ ಎಂಬ ನರ್ಸ್. ಸೊಪ್ಪು ಬೆಳೆಯುವ ಸೀಮೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವರು. ನಮಗೆ ಮಧ್ಯಾಹ್ನ ಮೂರಾದರೆ ಅವರಿಗೆ ಬೆಳಿಗ್ಗೆ ಒಂಬತ್ತು. ಆ ಹೊತ್ತಿಗೆ ವಾರಕ್ಕೊಮ್ಮೆ ವಿಡಿಯೊ ಕಾಲ್ ಇರುತ್ತಿತ್ತು. ಮೊದಲ ದಿನವೇ ನಾನೂ ಸೊಪ್ಪಿನ ಮನೆಯವಳು ಎಂದು ಹೇಳಿಕೊಂಡೆ. ಅವರ ಮುಖ ಅರಳಿತು. ತಮ್ಮ ಅಕ್ಕ ಈಗಲೂ ಸೊಪ್ಪು ಮುರಿಯುವ ಕೂಲಿಗೆ ಹೋಗುತ್ತಾಳೆ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಮೂವತ್ತೊಂದನೇ ಪ್ರಶ್ನೆಯನ್ನು ದಯವಿಟ್ಟು ನಿಧಾನವಾಗಿ ಓದಿ, ಹಟ ಹಿಡಿದು ಅದನ್ನು ಸೇರಿಸಿದವಳು ನಾನೇ ಎಂದರು. 'ಕಳೆದ ಕೊಯ್ಲಿನ ಕಾಲದಲ್ಲಿ ನಿಮಗೆ ಆರೋಗ್ಯ ಕೆಟ್ಟಿತ್ತೆ? ಏನಾಯಿತು? ನಿಮ್ಮ ಮಾತಿನಲ್ಲೇ ಹೇಳಿ' ಎಂಬುದು ಆ ಪ್ರಶ್ನೆ.

ಅದನ್ನು ಸೇರಿಸಿದ್ದು ಯಾಕೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅವರು ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ವಿಂಗಡಿಸುವವರಿಗೆ ಪ್ರಶ್ನೆ ಕೇಳಿದವರ ನಿರೀಕ್ಷೆ ಏನೆಂದು ಮೊದಲೇ ತಿಳಿಸಿದರೆ ಅವರು ಅದನ್ನೇ ಹುಡುಕುತ್ತಾರೆ, ಹಾಗಾಗಿ ಹೇಳಬಾರದು ಎಂಬುದು ಸಮೀಕ್ಷೆಯ ಶಿಸ್ತು. ಚಿಕೊಂಡಿ ಆ ಶಿಸ್ತನ್ನು ಪಾಲಿಸಿದರು. ನಾನು ಕೇಳದೆ ಇದ್ದದ್ದಕ್ಕೆ ಯಾವ ಶಿಸ್ತೂ ಕಾರಣವಲ್ಲ, ಬರೀ ಉದಾಸೀನ. ಅವರು ಹೇಳಿದ್ದು ಇಷ್ಟು: ಆ ವರ್ಷದ ಕೊನೆಗೆ ಅಲ್ಲಿ ಒಂದು ಸಭೆ ಇದೆ. ಹಳ್ಳಿಯ ಆರೋಗ್ಯ ಕೇಂದ್ರಗಳ ನರ್ಸುಗಳು ಮೇಜಿನ ಮೇಲೆ ಇಟ್ಟುಕೊಳ್ಳುವ ಚಿಕಿತ್ಸಾ ಕೈಪಿಡಿಯನ್ನು ಪರಿಷ್ಕರಿಸುವ ಸಭೆ. ಯಾವ ಕಾಯಿಲೆಗಳನ್ನು ಹೊಸದಾಗಿ ಸೇರಿಸಬೇಕು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಕೆಲವು ಹಳ್ಳಿಗಳ ಸೊಪ್ಪಿನ ಕೂಲಿಯವರಿಗೆ ಕೈಗವಸು, ಮಳೆಕೋಟು ಕೊಡುವ ಒಂದು ಪ್ರಸ್ತಾಪವೂ ಅದೇ ಸಭೆಯಲ್ಲಿ ಬರುತ್ತದೆ. ನಮ್ಮ ವರದಿ ಅದಕ್ಕೆ ಮುಂಚೆ ತಲುಪಬೇಕು.

ಉತ್ತರಗಳು ಬಂದವು. ಅಲ್ಲಿನವರು ಚಿಚೇವ ಭಾಷೆಯಲ್ಲಿ ಹೇಳಿದ್ದನ್ನು ಸಮೀಕ್ಷಕರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಇಂಥ ಬಿಡಿ ಮಾತುಗಳನ್ನು ಲೆಕ್ಕಕ್ಕೆ ತರಬೇಕಾದರೆ ಪ್ರತಿಯೊಂದಕ್ಕೂ ಒಂದು ಅಂಕಿ ಕೊಡಬೇಕು. ಇದಕ್ಕೆ ಕೋಡಿಂಗ್ ಎನ್ನುತ್ತೇವೆ. ಮಲೇರಿಯಾ ಅಂದರೆ ಒಂದು, ಹೊಟ್ಟೆಯ ತೊಂದರೆ ಅಂದರೆ ನಾಲ್ಕು, ಯಾವುದಕ್ಕೂ ಹೊಂದದಿದ್ದರೆ 'ಇತರೆ', ತೊಂಬತ್ತೇಳು. ಒಬ್ಬರ ಕಣ್ಣು ತಪ್ಪಬಹುದೆಂದು ಇಬ್ಬರು ಬೇರೆಬೇರೆಯಾಗಿ ಕೂತು ಕೋಡ್ ಹಾಕಿ, ಆಮೇಲೆ ಹೋಲಿಸುತ್ತೇವೆ. ಭಿನ್ನಾಭಿಪ್ರಾಯ ಬಂದರೆ ಸಮೀಕ್ಷೆ ಮಾಡಿದವರನ್ನೇ ಕೇಳಬೇಕು ಎಂಬುದು ನಿಯಮ. ಆ ನಿಯಮವನ್ನು ಬರೆದವಳೇ ನಾನು.

ಎರಡನೆಯ ಕೋಡರ್ ರೊಹಾನಿ. ಸಿಂಗಪುರದ ಬೆಡೋಕ್‌ನಲ್ಲೇ ಹುಟ್ಟಿ ಬೆಳೆದು, ಇಲ್ಲಿನವರಂತೆ ಮಾತಿನ ಕೊನೆಗೆ 'ಲಾ' ಸೇರಿಸುವ ಮಲಯ್ ಹೆಂಗಸು, ನನಗಿಂತ ನಾಲ್ಕು ವರ್ಷ ದೊಡ್ಡವರು. ಇಪ್ಪತ್ತು ವರ್ಷ ಸರ್ಕಾರಿ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದು, ಬೆನ್ನುನೋವೆಂದು ಕುರ್ಚಿಯ ಕೆಲಸಕ್ಕೆ ಬಂದವರು. ತಂಬಾಕಿನ ಗಿಡ ಮೊಳಕಾಲುದ್ದವೋ ಆಳೆತ್ತರವೋ ಅವರಿಗೆ ಗೊತ್ತಿರಲಿಲ್ಲ.

ಮೂವತ್ತೊಂದನೇ ಪ್ರಶ್ನೆಯ ಉತ್ತರಗಳು ಹೀಗಿದ್ದವು: 'ಮಳೆಯಲ್ಲಿ ಸೊಪ್ಪು ಮುರಿದ ದಿನ ವಾಂತಿಯಾಗುತ್ತದೆ.' 'ತಲೆ ಸುತ್ತುತ್ತದೆ, ಕುಡಿಯದೆಯೇ ಅಮಲೇರಿದ ಹಾಗೆ.' 'ಊಟ ಸೇರುವುದಿಲ್ಲ, ಮರುದಿನ ಸರಿಹೋಗುತ್ತದೆ.' 'ಕಣ್ಣು ಕತ್ತಲೆ ಬಂತು, ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಮಾತ್ರೆ ಕೊಟ್ಟರು.' ಓದುತ್ತಾ ಓದುತ್ತಾ ನನಗೆ ನಗು ಬಂತು. ಎಲ್ಲ ನಮ್ಮೂರಿನ ಮಾತು. ಸೊಪ್ಪು ಮುರಿದು ಬಂದು ನಾನೂ ಎಷ್ಟೋ ಸಲ ಜಗಲಿಯಲ್ಲಿ ವಾಂತಿ ಮಾಡಿಕೊಂಡು ಬಿದ್ದುಕೊಂಡಿದ್ದೇನೆ. ಪಿತ್ತ ಕೆದರಿದೆ ಎಂದು ಅವ್ವ ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಿದ್ದಳು. ಸಂಜೆಗೆ ಎದ್ದು ಓಡಾಡುತ್ತಿದ್ದೆವು. ಅದನ್ನೊಂದು ಕಾಯಿಲೆ ಎಂದು ಯಾರು ಕರೆಯುತ್ತಾರೆ? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನಗೆ ಹಿತ್ತಲ ಕಾಯಿಲೆ ಕಾಯಿಲೆಯಾಗಿ ಕಾಣಲಿಲ್ಲ. ವಾಂತಿ ಎಂದವರನ್ನು ಹೊಟ್ಟೆಯ ತೊಂದರೆಗೆ ಹಾಕಿದೆ. ಮಾತ್ರೆ ನುಂಗಿದವರನ್ನು ಮಲೇರಿಯಾಕ್ಕೆ ಸೇರಿಸಿದೆ. ತಲೆಸುತ್ತು, ಅಮಲು ಎಂದವರನ್ನು ತೊಂಬತ್ತೇಳಕ್ಕೆ ತಳ್ಳಿದೆ.

ಹೋಲಿಸುವ ದಿನ ರೊಹಾನಿಯ ಹಾಳೆಯಲ್ಲಿ ಈ ಉತ್ತರಗಳ ಮುಂದೆಲ್ಲ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ಇವಕ್ಕೆಲ್ಲ ಒಂದು ಹೊಸ ಕೋಡ್ ತೆರೆಯೋಣ ಎಂದರು. ಜ್ವರದ ಮಾತನ್ನು ಒಬ್ಬರೂ ಎತ್ತಿಲ್ಲ, ಮಲೇರಿಯಾ ಹೇಗಾಗುತ್ತದೆ ಎಂದು ಕೇಳಿದರು. ಮಾತ್ರೆ ಕೊಟ್ಟ ಮಾತ್ರಕ್ಕೆ ಅದು ಆ ಕಾಯಿಲೆ ಆಗುವುದಿಲ್ಲ ಎಂದು ನರ್ಸಿನ ದನಿಯಲ್ಲಿ ಗದರಿದರು.

"ಶೈಲಾ, ಇದೆಲ್ಲ ಒಂದೇ ಕಾಯಿಲೆ ಅನ್ನಿಸ್ತಿದೆ ನಂಗೆ. ಸೊಪ್ಪು ಮುರಿದ ದಿನಾನೇ ಬರತ್ತೆ, ಮರುದಿನ ಹೋಗತ್ತೆ. ಚಿಕೊಂಡಿಗೆ ಒಂದ್ ಮೇಲ್ ಹಾಕಿ ಕೇಳೋಣ, ಐದು ನಿಮಿಷದ ಕೆಲ್ಸ ಲಾ."

ನನಗೆ ರೇಗಿತು. ಗಿಡವನ್ನೇ ಕಾಣದವರು ನನಗೆ ಸೊಪ್ಪಿನ ವಿಚಾರ ಹೇಳಿಕೊಡುವುದೇ ಎನ್ನಿಸಿತು.

"ನಾನು ಆ ಸೊಪ್ಪಲ್ಲೇ ಬೆಳೆದಿರೋಳು ರೊಹಾನಿ. ಖಾಲಿ ಹೊಟ್ಟೇಲಿ ಮಳೇಲಿ ನಿಂತ್ರೆ ಹಾಗಾಗತ್ತೆ. ಅದು ಕಾಯಿಲೆ ಅಲ್ಲ."

ರೊಹಾನಿ ನನ್ನ ಮುಖವನ್ನೊಮ್ಮೆ ನೋಡಿದರು. ನಿನಗೆ ಗೊತ್ತಿರಬೇಕು ಎಂದು ಹೇಳಿ ರಬ್ಬರ್ ತೆಗೆದುಕೊಂಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಒಂದೊಂದಾಗಿ ಅಳಿಸಿದರು. ಇಬ್ಬರೂ ಸಹಿ ಹಾಕಿದೆವು.

ವರದಿ ಗಡುವಿಗೆ ಒಂದು ವಾರ ಮೊದಲೇ ನೇರವಾಗಿ ಆ ಸಭೆಯವರಿಗೆ ಹೋಯಿತು. ಧೂಮಪಾನ, ನಶ್ಯದ ಅಧ್ಯಾಯಗಳು ಚೆನ್ನಾಗಿಯೇ ಬಂದಿದ್ದವು, ಅದರಲ್ಲಿ ಸುಳ್ಳಿಲ್ಲ. ಸೊಪ್ಪಿನ ಕೆಲಸಗಾರರ ಅಧ್ಯಾಯದಲ್ಲಿ ಮಲೇರಿಯಾ ಮೇಲಿತ್ತು, ಹೊಟ್ಟೆಯ ತೊಂದರೆ ನಡುವೆ ಎಲ್ಲೋ ಇತ್ತು, 'ಇತರೆ' ಎಂಬ ಸಾಲು ಕಟ್ಟಕಡೆಗಿತ್ತು. ಓದಿದವರಿಗೆ ಅಲ್ಲಿ ಹೊಸದೇನೂ ಕಾಣುವಂತಿರಲಿಲ್ಲ. ಲಿಮ್ ಅವರು ಟೀಮಿಗೆಲ್ಲ ಊಟ ಕೊಡಿಸಿದರು. ನಾನು ಎರಡು ಸಲ ಐಸ್‌ಕ್ರೀಮ್ ತಿಂದೆ.

ಸಭೆ ಮುಗಿದ ಮರುವಾರ ಚಿಕೊಂಡಿಯಿಂದ ಮೂರು ಸಾಲಿನ ಇಮೇಲ್ ಬಂತು. ಕೈಪಿಡಿಯಲ್ಲಿ ಸೊಪ್ಪಿನ ಕೆಲಸಕ್ಕೆ ಸಂಬಂಧಿಸಿದ ಯಾವ ಕಾಯಿಲೆಯೂ ಸೇರಲಿಲ್ಲ. ಕೈಗವಸಿನ ಪ್ರಸ್ತಾಪವನ್ನು ಸಾಕಷ್ಟು ಆಧಾರವಿಲ್ಲ ಎಂದು ಕೈಬಿಟ್ಟರು. ಮೂವತ್ತೊಂದನೇ ಪ್ರಶ್ನೆಗೆ ಹೆಂಗಸರು ಹೇಳಿದ್ದು ಇದಕ್ಕಿಂತ ಜಾಸ್ತಿ ಎಂದು ನನ್ನ ನೆನಪು, ಮೂಲ ಉತ್ತರಗಳನ್ನು ಇನ್ನೊಮ್ಮೆ ನೋಡುತ್ತೀರಾ ಎಂದು ಕೇಳಿದ್ದರು. ಬೈಗುಳದ ಒಂದು ಪದವೂ ಇರಲಿಲ್ಲ. ಆದರೂ ಓದಿದ ಕೂಡಲೇ ಆ ಉತ್ತರಗಳ ಕಡತವನ್ನು ಮನೆಗೆ ಒಯ್ಯುವ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ.

ಆಗ ಅವ್ವ ನಮ್ಮ ಪುಂಗೋಲ್ ಮನೆಯಲ್ಲಿದ್ದಳು. ಮೈಸೂರಿನ ಅಣ್ಣನ ಮನೆಯಿಂದ ಒಂದು ತಿಂಗಳ ಮಟ್ಟಿಗೆ ಬಂದವಳು ಬಂದ ದಿನದಿಂದಲೂ ಸಿಂಗಪುರದ ಸರ್ಕಾರದ ಮೇಲೆ ಸಿಟ್ಟಾಗಿದ್ದಳು. ಎಲೆಅಡಿಕೆಗೆ ಹಾಕಿಕೊಳ್ಳುವ ಹೊಗೆಸೊಪ್ಪನ್ನು ಈ ದೇಶಕ್ಕೆ ತರುವಂತಿಲ್ಲ ಎಂದು ನಾನು ಮೊದಲೇ ತಾಕೀತು ಮಾಡಿದ್ದೆ. ಲಿಟಲ್ ಇಂಡಿಯಾದಿಂದ ವೀಳ್ಯದೆಲೆ ತಂದುಕೊಟ್ಟರೂ ಸಪ್ಪೆ ಎಲೆ ಮೇಯೋಕೆ ನಾನೇನು ಮೇಕೆಯೇ ಎನ್ನುತ್ತಿದ್ದಳು. ಶನಿವಾರ ಬೆಳಿಗ್ಗೆ ಅವಳು ಹೌಗಾಂಗ್ ಮಾರ್ಕೆಟ್ಟಿನಿಂದ ತಂದ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ನಾನು ಎದುರಿಗೆ ಲ್ಯಾಪ್‌ಟಾಪ್ ತೆರೆದು ಆ ಉತ್ತರಗಳನ್ನು ಮತ್ತೆ ಓದತೊಡಗಿದೆ. ಓದುತ್ತಾ ಕನ್ನಡಕ್ಕೆ ತಿರುಗಿಸಿ ಅವಳಿಗೂ ಹೇಳುತ್ತಾ ಹೋದೆ. ನಾಲ್ಕೈದು ಆಗುವಷ್ಟರಲ್ಲಿ ಅವ್ವ ತಲೆ ಎತ್ತಿ, ನಮ್ಮೂರಿನ ಹೆಂಗಸರ ಮಾತನ್ನು ಯಾವಾಗ ಬರೆದುಕೊಂಡು ಬಂದೆ ಎಂದು ಕೇಳಿದಳು. ಇವರು ಆಫ್ರಿಕಾದವರು ಎಂದೆ. ಎಲ್ಲಿಯವರಾದರೇನು, ಸೊಪ್ಪು ಒಂದೇ ಅಲ್ಲವೇ ಎಂದಳು.

"ಇದು ಪಿತ್ತ ಅಲ್ವಾ ಅವ್ವ?" ಎಂದು ಕೇಳಿದೆ. ಹೌದು ಎನ್ನಲಿ ಎಂದು ಆಸೆಯಿಂದಲೇ ಕೇಳಿದೆ.

ಅವ್ವ ಕೈಯಲ್ಲಿದ್ದ ದಂಟನ್ನು ಮುರಿದು ತಟ್ಟೆಗೆ ಹಾಕಿದಳು.

"ಪಿತ್ತ ಅಂತ ನಿಮ್ಗೆ ಹೇಳ್ತಿದ್ವಿ. ಅದು ಸೊಪ್ಪಿನ ನಂಜು ಕನವ್ವ. ಹೆಂಗಸ್ರಿಗೆಲ್ಲ ಗೊತ್ತಿತ್ತು. ನಂಜು ಅಂದಿದ್ರೆ ನೀವು ಹೊಲಕ್ಕೆ ಕಾಲಿಡ್ತಿದ್ರಾ?"

ಆಮೇಲೆ ಅವಳೇ ಒಂದೊಂದಾಗಿ ಹೇಳಿದಳು. ಒದ್ದೆ ಎಲೆ ಮುರಿದ ದಿನವೇ ಜಾಸ್ತಿ ಎಂದು ಅವರಿಗೆ ಗೊತ್ತಿತ್ತು. ಬೀಡಿ ಸೇದುತ್ತಿದ್ದ ಅಪ್ಪನಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಸೇದದ ಹೆಂಗಸರು ಮಕ್ಕಳಿಗೇ ಬರುತ್ತಿತ್ತು ಎಂಬುದೂ ಗೊತ್ತಿತ್ತು. ನಾನು ಹೊಟ್ಟೆಯಲ್ಲಿದ್ದಾಗಲೂ ಅವಳು ಏಳು ತಿಂಗಳ ತನಕ ಮುರಿದಿದ್ದಳು. ಬೇರೆ ಏನು ಮಾಡುವುದಿತ್ತು ಎಂದಳು. ನನಗೆ ಮೊದಲು ಅವಳ ಮೇಲೆ ಕೋಪ ಬಂತು. ಹೇಳಬಾರದಿತ್ತೇ ಎಂದು ಕೇಳಿಯೂಬಿಟ್ಟೆ. ಅಷ್ಟು ಓದಿದ್ದೀಯ, ನಿನಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಎಂದು ಅವಳು ಸಹಜವಾಗಿ ಹೇಳಿದಳು.

ಆ ಮಧ್ಯಾಹ್ನವೇ ಹುಡುಕಿದೆ. ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅದಕ್ಕೆ ವೈದ್ಯರು ಇಟ್ಟ ಹೆಸರೇ ಇದೆ, ಗ್ರೀನ್ ಟೊಬ್ಯಾಕೊ ಸಿಕ್‌ನೆಸ್. ಹಸಿ ತಂಬಾಕಿನ ಎಲೆಯ ಮೇಲಿನ ಇಬ್ಬನಿಯಲ್ಲಿ, ಮಳೆನೀರಿನಲ್ಲಿ ನಿಕೋಟಿನ್ ಕರಗಿ, ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಒಂದು ಸಿಗರೇಟನ್ನೂ ಸೇದದವರಿಗೆ ಹೊಲದಲ್ಲಿ ನಿಂತೇ ವಿಷ ಏರುತ್ತದೆ. ವಾಂತಿ, ತಲೆಸುತ್ತು, ಸುಸ್ತು, ಒಂದೆರಡು ದಿನಕ್ಕೆ ಇಳಿಯುತ್ತದೆ, ಮತ್ತೆ ಹೊಲಕ್ಕೆ ಹೋದರೆ ಮತ್ತೆ ಬರುತ್ತದೆ. ಕೈಗವಸು, ನೀರು ಇಳಿಯದ ಕೋಟು, ಒದ್ದೆ ಬಟ್ಟೆಯನ್ನು ಬೇಗ ಬದಲಾಯಿಸುವುದು, ಕೈಕಾಲು ಸೋಪಿನಲ್ಲಿ ತೊಳೆಯುವುದು, ಇಷ್ಟು ಮಾಡಿದರೂ ಬಹಳಷ್ಟು ತಡೆಯಬಹುದು. ಮಲೇರಿಯಾ ಮಾತ್ರೆಯಿಂದ ಏನೂ ಆಗುವುದಿಲ್ಲ. ಚಿಕೊಂಡಿಗೆ ಬೇಕಿದ್ದದ್ದು ಇದೇ. ಈ ಹೆಂಗಸರು ಹೇಳುತ್ತಿರುವುದು ಒಂದೇ ಮಾತು ಎಂದು ತೋರಿಸುವ ಒಂದೇ ಒಂದು ಸಾಲು. ನಾನು ಆ ಕಾಯಿಲೆಯನ್ನು ಮೂರು ಪಾಲು ಮಾಡಿ ಮೂರು ಕಡೆ ಹೂತಿದ್ದೆ.

ಸೋಮವಾರ ಲಿಮ್ ಅವರ ಮುಂದೆ ನಿಂತು ತಪ್ಪು ನನ್ನದು, ರೊಹಾನಿಯದಲ್ಲ ಎಂದು ಹೇಳಿದೆ. ಅವರು ಕೂಗಾಡಲಿಲ್ಲ. ಚಿಕೊಂಡಿಯನ್ನು ಯಾಕೆ ಕೇಳಲಿಲ್ಲ ಎಂದಷ್ಟೇ ಕೇಳಿದರು. ರೊಹಾನಿ ನಾನು ಅಂದೇ ಹೇಳಿದ್ದೆನಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಬ್ಯಾಗಿನಿಂದ ಕನ್ನಡಕ ತೆಗೆದು ಪಕ್ಕದಲ್ಲಿ ಕೂತರು. ಹಾಗೆ ಅಂದಿದ್ದರೇ ನನಗೆ ಹಗುರವಾಗುತ್ತಿತ್ತು. ಮೂರು ವಾರ ಇಬ್ಬರೂ ಮೊದಲಿನಿಂದ ಕೋಡ್ ಹಾಕಿದೆವು. ಈ ಸಲ ಅನುಮಾನ ಬಂದ ಪ್ರತಿ ಉತ್ತರಕ್ಕೂ ಚಿಕೊಂಡಿಯನ್ನು ಕೇಳಿದೆವು. ಎಲ್ಲಿಯೂ ಇಲ್ಲದಿದ್ದ ಒಂದು ಸಾಲು ಹೊಸ ಕೋಷ್ಟಕದಲ್ಲಿ ಮೇಲಿನಿಂದ ಎರಡನೆಯದಾಗಿ ಬಂದು ನಿಂತಿತು.

ತಿದ್ದಿದ ವರದಿಯನ್ನೂ ಕ್ಷಮೆ ಕೇಳಿದ ಪತ್ರವನ್ನೂ ಕಳಿಸಿ ಚಿಕೊಂಡಿಗೆ ಕರೆ ಮಾಡಿದೆ. ಅವರು ಕೋಷ್ಟಕವನ್ನು ಪರದೆಯ ಮೇಲೆ ಸಾಲುಸಾಲಾಗಿ ನೋಡಿದರು. ಚೆನ್ನಾಗಿದೆ ಎಂದರು. ಕೈಪಿಡಿ ಅಚ್ಚಾಗಿ ಹಳ್ಳಿಗಳಿಗೆ ಹೋಗಿಯಾಗಿದೆ, ಮುಂದಿನ ಪರಿಷ್ಕರಣೆ ಐದು ವರ್ಷದ ಮೇಲೆ, ಅಲ್ಲಿಯವರೆಗೆ ಇದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತೇನೆ ಎಂದರು. ನಾನು ಮತ್ತೆ ಕ್ಷಮೆ ಕೇಳಲು ಹೊರಟಾಗ ತಡೆದರು.

"ನಾವು ಹೇಳಿದ್ದು ಏನಾಯ್ತು ಅಂತ ಅಕ್ಕ ಕೇಳಿದಳು, ಅವಳ ಜೊತೆಯವರೂ ಕೇಳಿದರು. ಕಂಪ್ಯೂಟರಿಗೆ ಅರ್ಥವಾಗಲಿಲ್ಲ ಅಂದೆ. ಸೊಪ್ಪಿನ ಮನೆಯ ಹೆಣ್ಣುಮಗಳೇ ಕೂತು ಓದಿದಳು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಆ ಕಡೆ ಮುಖ ತೋರಿಸಲಾಗದೆ, ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕ್ಯಾಮೆರಾ ಆಫ್ ಮಾಡಿದೆ.

ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಆಗಾಗ ಹೊಸಬರಿಗೆ ಕೋಡಿಂಗ್ ಹೇಳಿಕೊಡಲು ಕರೆಯುತ್ತಾರೆ. ಗೊತ್ತಿಲ್ಲದ ಉತ್ತರ ಬಂದರೆ ಯಾರನ್ನಾದರೂ ಕೇಳಿ ಎಂದು ನಾನು ಹೇಳುವುದಿಲ್ಲ, ಅದನ್ನು ಅವರು ಹೇಗೂ ಕೇಳುತ್ತಾರೆ. ಓದುತ್ತಿದ್ದಂತೆ ಇದು ನಮ್ಮ ಮನೆಯದೇ ಮಾತು ಎಂದು ನಗು ಬಂದರೆ ಅಲ್ಲಿ ನಿಲ್ಲಿಸಿ, ಆ ಹಾಳೆಯನ್ನು ಏನೂ ಗೊತ್ತಿಲ್ಲದ ಪಕ್ಕದವರ ಕೈಗೆ ಕೊಡಿ ಎನ್ನುತ್ತೇನೆ. ಹದಿನಾರು ವರ್ಷದ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ತಡವಾಗಿ. ನಮ್ಮ ಮನೆಯಲ್ಲಿ ಪಾನಕ ಕುಡಿದು ಮಲಗಿದರೆ ಸರಿಹೋಗುತ್ತದೆ ಎಂದು ಸಹಿಸಿಕೊಂಡದ್ದನ್ನು ಇನ್ನೊಬ್ಬರೂ ಸಹಿಸಿಕೊಳ್ಳಲಿ ಎಂದು ತೀರ್ಪು ಕೊಡುವ ಹಕ್ಕು ನನಗೆ ಯಾರೂ ಕೊಟ್ಟಿರಲಿಲ್ಲ.

ಮಲಾವಿಯಲ್ಲಿ ಸೊಪ್ಪು ಮುರಿಯುವುದು ಜನವರಿಯಿಂದಾಚೆ, ಮಳೆಯ ಕಾಲದಲ್ಲಿ. ಆ ಸಭೆಯಾದ ಮೇಲೆ ಅಂಥ ಎರಡು ಕೊಯ್ಲುಗಳು ಮುಗಿದಿವೆ, ಪರಿಷ್ಕರಣೆಗೆ ಮುಂಚೆ ಇನ್ನೂ ಮೂರು ಇವೆ. ಚಿಕೊಂಡಿಯ ಅಕ್ಕ ಈ ವರ್ಷವೂ ಒದ್ದೆ ಎಲೆ ಮುರಿದು, ತಲೆ ಸುತ್ತಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳಂತೆ. ಅಲ್ಲಿನ ಹೊಸ ನರ್ಸ್ ಕೈಪಿಡಿಯನ್ನು ಶ್ರದ್ಧೆಯಿಂದ ತೆರೆದು ನೋಡಿ, ಮಲೇರಿಯಾ ಮಾತ್ರೆ ಕೊಟ್ಟು ಕಳಿಸಿದಳಂತೆ.